ಡ್ರಿಲ್ ಮಾಸ್ಟ್ರ ಓದಿನ ಪಟ್ಟಿ: ನಂದಳಿಕೆಯ ಮುದ್ದಣ ಮೈಸೂರಿನವರನ್ನು ಏಮಾರಿಸಿದ ಕಥೆ

ಉಡುಪಿ: ಪೇಟೆಯ ಕೆ.ಎಂ. ಮಾರ್ಗದಲ್ಲಿ ಅಂಗಡಿ ಇಟ್ಟವರ ಬಿಲ್ ಪುಸ್ತಕದಲ್ಲಿ, ಬೋರ್ಡಿನಲ್ಲಿ, ವಿಸಿಟಿಂಗ್ ಕಾರ್ಡಿನಲ್ಲಿ ದಿನಾ ಒಬ್ಬ ಕವಿಯ ಹೆಸರು ಅಚ್ಚಾಗ್ತಾ ಉಂಟು. ಆದರೆ ಎರಡು ಅಕ್ಷರಕ್ಕೆ ಇಳಿದ ಕಾರಣ ಯಾರಿಗೂ ಅದು ಕಾಣುವುದಿಲ್ಲ. ಕೆ ಅಂದರೆ ಕವಿ, ಎಂ ಅಂದರೆ ಮುದ್ದಣ. ಶಾಲೆಯಲ್ಲಿ ಮುದ್ದಣ ಮನೋರಮೆಯರ ಸಲ್ಲಾಪ ಪಾಠ ಓದಿದವರಿಗೂ ಆ ಮುದ್ದಣ ಇದೇ ಉಡುಪಿಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸ್ತಾ ಇದ್ದ ಮಾಸ್ಟ್ರು ಅಂತ ಹೇಳಿದರೆ ಹೌದಾ ಅಂತ ಕೇಳುವವರೇ ಜಾಸ್ತಿ.

ಮುದ್ದಣರ ನಿಜವಾದ ಹೆಸರು ಲಕ್ಷ್ಮೀನಾರಣಪ್ಪ. ಹುಟ್ಟಿದ್ದು 1870ರ ಜನವರಿ 24ರಂದು, ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಮ್ಮ. ಮಗು ನೋಡಲಿಕ್ಕೆ ಮುದ್ದಾಗಿತ್ತು ಅಂತ ಮನೆಯಲ್ಲಿ ಮುದ್ದಣ ಅಂತ ಕರೆದರು. ಮನೆಯಲ್ಲಿ ಇಟ್ಟ ಕೊಂಡಾಟದ ಹೆಸರು ಮುಂದೆ ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಹೀಗೆ ಗಟ್ಟಿಯಾಗಿ ಕೂತುಕೊಂಡದ್ದು ಬೇರೆ ಯಾರದ್ದಾದರೂ ಉಂಟಾ ಎಂಬುದು ಸಂಶಯ.

ಮನೆಯಲ್ಲಿ ಬಡತನ. ಪುಸ್ತಕ ಕಪಾಟು ಅಂತ ಎಂತದೂ ಇಲ್ಲ. ಹಾಗಂತ ಕಥೆಗೆ ಬರಗಾಲ ಇರಲಿಲ್ಲ. ನಂದಳಿಕೆ ಅಂದರೆ ಈಗಲೂ ಮಹಾಲಿಂಗೇಶ್ವರ ದೇವಸ್ಥಾನ, ಸಿರಿಜಾತ್ರೆ. ಹುಣ್ಣಿಮೆ ರಾತ್ರಿ ಸಿರಿಯ ಕಥೆ, ಅಬ್ಬಗ ದಾರಗರ ಕಥೆ ತುಳುವಿನಲ್ಲಿ ಕಿವಿಗೆ ಬೀಳುವ ಊರು. ಇನ್ನು ದೀಪಾವಳಿಯ ನಂತರ ಮೇಳಗಳು ಹೊರಟರೆ ಪತ್ತನಾಜೆಯವರೆಗೆ ಗದ್ದೆಗದ್ದೆಯಲ್ಲಿ ಆಟ. ಮಳೆ ಶುರುವಾದ ಮೇಲೆ ಗೆಜ್ಜೆ ಬಿಚ್ಚಿಟ್ಟು ತಾಳಮದ್ದಳೆ, ಮನೆ ಚಾವಡಿಯಲ್ಲಿ ಜೈಮಿನಿ ಭಾರತ ಓದುವುದು, ಒಬ್ಬರು ರಾಗದಲ್ಲಿ ಹೇಳಿದರೆ ಇನ್ನೊಬ್ಬರು ಅರ್ಥ ಬಿಡಿಸುವುದು. ಕರಾವಳಿಯಲ್ಲಿ ಆ ಕಾಲದ ಓದು ಅಂದರೆ ಹೀಗೆಯೇ, ವರ್ಷದ ಅರ್ಧ ಭಾಗ ಕಣ್ಣಿಗೆ, ಉಳಿದರ್ಧ ಕಿವಿಗೆ. ಅಕ್ಷರ ಬಾರದವನಿಗೂ ಅಭಿಮನ್ಯುವಿನ ಚಕ್ರವ್ಯೂಹ, ಸುಧನ್ವನ ಕಾಳಗ ಬಾಯಿಪಾಠ ಇರುತ್ತಿತ್ತು.

ಊರಿನ ಶಾಲೆ ಮುಗಿಸಿ ಹುಡುಗ ಉಡುಪಿಗೆ ಬಂದ. ಇಂಗ್ಲಿಷ್ ಕಲಿತರೆ ಸರಕಾರಿ ಕೆಲಸ ಅಂತ ಆಸೆ. ಆದರೆ ಫೀಸಿಗೆ, ಊಟಕ್ಕೆ ದುಡ್ಡು ಬೇಕಲ್ಲ. ಅದು ಹೊಂದಿ ಬರಲಿಲ್ಲ, ಇಂಗ್ಲಿಷ್ ಓದು ಅರ್ಧಕ್ಕೆ ನಿಂತಿತು. ಶರೀರ ಗಟ್ಟಿ ಇದ್ದ ಕಾರಣ ವ್ಯಾಯಾಮ ಶಿಕ್ಷಣದ ತರಬೇತಿ ಮುಗಿಸಿ ಇಪ್ಪತ್ತು ವರ್ಷದ ಹೊತ್ತಿಗೆ ಉಡುಪಿಯಲ್ಲಿ ಡ್ರಿಲ್ ಮಾಸ್ಟ್ರ ಕೆಲಸಕ್ಕೆ ಸೇರಿಕೊಂಡರು. ಆಮೇಲೆ ಸ್ವಲ್ಪ ಕಾಲ ಕುಂದಾಪುರದಲ್ಲಿ, ಮತ್ತೆ ಉಡುಪಿಯಲ್ಲಿ. ಶಾಲೆಯಲ್ಲಿ ಡ್ರಿಲ್ ಮಾಸ್ಟ್ರಿಗೆ ಆಗಲೂ ಅಷ್ಟೇ, ಈಗಲೂ ಅಷ್ಟೇ, ಉಳಿದ ಮಾಸ್ಟ್ರುಗಳ ಸಾಲಿನಲ್ಲಿ ಕೊನೆಯ ಕುರ್ಚಿ. ಕಾವ್ಯ ಬರೆಯುವವರು ಪಂಡಿತರು, ಮೈದಾನದಲ್ಲಿ ಸೀಟಿ ಊದುವವರಿಗೆ ಆ ಉಸಾಬರಿ ಎಂತಕ್ಕೆ ಎಂಬ ಲೆಕ್ಕ.

ಡಿಗ್ರಿ ಇಲ್ಲದ, ಅರ್ಧಕ್ಕೆ ಓದು ಬಿಟ್ಟ ಈ ಮನುಷ್ಯ ತನ್ನ ಓದನ್ನು ತಾನೇ ಕಟ್ಟಿಕೊಂಡದ್ದೇ ಅವರ ಬದುಕಿನ ದೊಡ್ಡ ಸಂಗತಿ. ಶಾಲೆಯ ಕನ್ನಡ ಪಂಡಿತ ಮಳಲಿ ಸುಬ್ಬರಾಯರ ಒಡನಾಟ ಇದಕ್ಕೆ ಬೆನ್ನಿಗೆ ಸಿಕ್ಕಿತು. ಸಂಜೆ ಡ್ರಿಲ್ ಮುಗಿದ ಮೇಲೆ ಹಳಗನ್ನಡ, ಸಂಸ್ಕೃತ, ಛಂದಸ್ಸು. ಹಳಗನ್ನಡ ಅಂದರೆ ಆಗ ಉಡುಪಿ ಪೇಟೆಯಲ್ಲಿ ಯಾರೂ ಮಾತಾಡುವ ಭಾಷೆ ಅಲ್ಲ. ಪೇಟೆಯಲ್ಲಿ ತುಳು, ಕೊಂಕಣಿ, ಕಚೇರಿಯಲ್ಲಿ ಇಂಗ್ಲಿಷ್, ಶಾಲೆಯಲ್ಲಿ ಹೊಸಗನ್ನಡ. ಹಾಗಿರುವಾಗ ಹತ್ತನೇ ಶತಮಾನದ ಕನ್ನಡ ಕಲಿತು ಎಂತ ಮಾಡುವುದು ಅಂತ ಮನೆಯವರೇ ಕೇಳುವ ಹಾಗಿತ್ತು.

ಪುಸ್ತಕ ಸಿಗುವುದಾದರೂ ಎಲ್ಲಿ? ಈ ಪ್ರಶ್ನೆಯನ್ನು ಇವತ್ತಿನವರು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು, ಯಾಕೆಂದರೆ ಈಗ ಮೊಬೈಲ್ ಒತ್ತಿದರೆ ಪಂಪಭಾರತ ಬರ್ತದೆ. ಮುದ್ದಣ ಕೆಲಸಕ್ಕೆ ಸೇರಿದಾಗ ಪಂಪಭಾರತ ಅಚ್ಚೇ ಆಗಿರಲಿಲ್ಲ. ಬಿ.ಎಲ್. ರೈಸ್ ಅದನ್ನು ಪ್ರಕಟಿಸಿದ್ದು 1898ರಲ್ಲಿ. ಕವಿರಾಜಮಾರ್ಗ ಅಚ್ಚಾದದ್ದೂ ಅದೇ ವರ್ಷ. ಕನ್ನಡದಲ್ಲಿ ಯಾವ ಕವಿ ಯಾವಾಗ ಇದ್ದ, ಎಂತ ಬರೆದ ಎಂದು ಕ್ರಮವಾಗಿ ತಿಳಿಸುವ ಕರ್ನಾಟಕ ಕವಿಚರಿತೆಯ ಮೊದಲ ಸಂಪುಟ ಬಂದದ್ದು 1907ರಲ್ಲಿ, ಅಂದರೆ ಮುದ್ದಣ ತೀರಿಹೋಗಿ ಆರು ವರ್ಷ ಆದ ಮೇಲೆ. ಯಾವುದನ್ನು ಓದಬೇಕು ಅಂತ ಹೇಳುವ ಪಟ್ಟಿಯೇ ಇಲ್ಲದ ಕಾಲ ಅದು.

ಇದ್ದದ್ದರಲ್ಲಿ ಹತ್ತಿರ ಅಂದರೆ ಮಂಗಳೂರು. ಬಾಸೆಲ್ ಮಿಶನಿನವರು 1841ರಲ್ಲೇ ಅಲ್ಲಿ ಅಚ್ಚುಕೂಟ ಹಾಕಿದ್ದರು. ಮೋಗ್ಲಿಂಗ್ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಮಾಡಿಸಿದರು. ಕಿಟ್ಟೆಲ್ ನಾಗವರ್ಮನ ಛಂದಸ್ಸನ್ನು 1875ರಲ್ಲಿ ಹೊರತಂದರು, 1894ರಲ್ಲಿ ಅವರ ದೊಡ್ಡ ಕನ್ನಡ ನಿಘಂಟು ಮಂಗಳೂರಿನಲ್ಲೇ ಅಚ್ಚಾಯಿತು. ಕ್ರೈಸ್ತ ಧರ್ಮ ಸಾರಲಿಕ್ಕೆ ಬಂದವರು ವೀರಶೈವ ಪುರಾಣ, ವೈಷ್ಣವ ಪದ, ಜೈನ ಕವಿಯ ಛಂದಸ್ಸು ಎಲ್ಲ ಅಚ್ಚು ಮಾಡಿ ಕೊಟ್ಟರು. ಕರಾವಳಿಯಲ್ಲಿ ಇಂಥ ಗಮ್ಮತ್ತುಗಳು ತುಂಬ ಉಂಟು. ಅಚ್ಚಾಗದ್ದು ಬೇಕಾದರೆ ತಾಳೆಗರಿಯೇ ಗತಿ. ಮಠದಲ್ಲಿ, ಬಸದಿಯಲ್ಲಿ, ಹಳೆ ಮನೆಯ ಅಟ್ಟದಲ್ಲಿ ಇದ್ದ ಓಲೆಕಟ್ಟು. ಅದನ್ನು ಓದುವುದು ಅಂದರೆ ಪದ ಎಲ್ಲಿ ಮುಗಿಯಿತು, ಸಾಲು ಎಲ್ಲಿ ಶುರುವಾಯಿತು ಅಂತ ತಾವೇ ಕಂಡುಹಿಡಿಯಬೇಕು. ಬೇಕಾದರೆ ಕೂತು ಪ್ರತಿ ಮಾಡಿಕೊಳ್ಳಬೇಕು. ಹಾಗೆ ಕೈಯಾರೆ ಬರೆದುಕೊಂಡ ಪುಸ್ತಕ ತಲೆಯಿಂದ ಅಷ್ಟು ಬೇಗ ಹೋಗುವುದಿಲ್ಲ ಅನ್ನುವುದೂ ನಿಜ.

ಮುದ್ದಣರ ಓದಿನ ಪಟ್ಟಿಯಲ್ಲಿ ಯಾವುದು ಮೊದಲು ಇತ್ತು ಅಂತ ತಿಳಿಯಬೇಕಾದರೆ ಅವರು ಮೊದಲು ಬರೆದದ್ದನ್ನು ನೋಡಬೇಕು. ಅದು ಯಕ್ಷಗಾನ. ರತ್ನಾವತಿ ಕಲ್ಯಾಣ ಮತ್ತು ಕುಮಾರವಿಜಯ ಎಂಬ ಎರಡು ಪ್ರಸಂಗಗಳು. ಒಂದು ರಾಜಕುಮಾರಿಯ ಪ್ರೀತಿ, ಮದುವೆಯ ಕಥೆ, ಇನ್ನೊಂದು ಷಣ್ಮುಖ ಹುಟ್ಟಿ ಅಸುರರನ್ನು ಸಂಹಾರ ಮಾಡುವ ಕಥೆ. ಯಕ್ಷಗಾನ ಪ್ರಸಂಗವನ್ನು ಆಗಿನ ಪಂಡಿತರು ಸಾಹಿತ್ಯ ಅಂತ ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ. ಅದು ಜನರ ಸೊತ್ತು, ಗದ್ದೆಯದ್ದು. ಆದರೆ ಮುದ್ದಣರಿಗೆ ಆ ಭೇದ ಇರಲಿಲ್ಲ. ಒಂದು ಕಡೆ ಶಬ್ದಮಣಿದರ್ಪಣ, ಇನ್ನೊಂದು ಕಡೆ ಭಾಗವತರ ಪದ. ಎರಡನ್ನೂ ಒಂದೇ ಚಾಪೆಯಲ್ಲಿ ಕೂತು ಕಲಿತವರು. ಕುಮಾರವಿಜಯದ ಪದಗಳಲ್ಲಿ ಛಂದಸ್ಸಿನ ಬಿಗಿ ಇದ್ದರೂ ಭಾಗವತರ ಬಾಯಲ್ಲಿ ಎಲ್ಲಿಯೂ ತಡೆಯುವುದಿಲ್ಲ, ಅದು ಈ ಎರಡು ಓದು ಸೇರಿದ್ದರ ಫಲ. ಹಳೆ ಪ್ರಸಂಗಗಳ ಅಭಿಮಾನಿಗಳ ಹತ್ತಿರ ಕೇಳಿ, ಈಗಲೂ ಕುಮಾರವಿಜಯ ಅಂದರೆ ಕಿವಿ ನೆಟ್ಟಗಾಗ್ತದೆ.

ಆಮೇಲೆ ಶ್ರೀರಾಮ ಪಟ್ಟಾಭಿಷೇಕ. ಇದು ವಾರ್ಧಕ ಷಟ್ಪದಿಯಲ್ಲಿ ಇರುವ ಕಾವ್ಯ. ಲಕ್ಷ್ಮೀಶನ ಜೈಮಿನಿ ಭಾರತವೂ ಅದೇ ಷಟ್ಪದಿ. ಮಳೆಗಾಲದಲ್ಲಿ ಚಾವಡಿಯಲ್ಲಿ ಕೇಳಿದ ಜೈಮಿನಿಯ ಓಟ ಇಲ್ಲಿ ಬಂದು ಸೇರಿಕೊಂಡಿತು ಅನ್ನಬಹುದು. ಅದ್ಭುತ ರಾಮಾಯಣ ಗದ್ಯ, ಅದರಲ್ಲಿ ಸಾವಿರ ತಲೆಯ ರಾವಣನನ್ನು ಕೊಲ್ಲುವುದು ರಾಮ ಅಲ್ಲ, ಸೀತೆ. ಅಂಥ ಕಥೆಯನ್ನೇ ಆರಿಸಿಕೊಂಡದ್ದು ನೋಡಿ. ಎಲ್ಲರೂ ಓದುವ ರಾಮಾಯಣ ಬಿಟ್ಟು ಮೂಲೆಯಲ್ಲಿದ್ದ ರಾಮಾಯಣಕ್ಕೆ ಕೈ ಹಾಕಿದವರು ಇವರು. ಹೆಣ್ಣು ಆಯುಧ ಹಿಡಿಯುವ ಕಥೆ ಸಿರಿಜಾತ್ರೆಯ ಊರಿನವರಿಗೆ ಅಷ್ಟೊಂದು ಹೊಸದೂ ಅಲ್ಲ.

ಈಗ ಮುಖ್ಯ ಸಂಗತಿಗೆ ಬರುವ. ಆ ಹೊತ್ತಿಗೆ ಮೈಸೂರಿನಲ್ಲಿ ಎಂ.ಎ. ರಾಮಾನುಜಯ್ಯಂಗಾರ್ ಮತ್ತು ಎಸ್.ಜಿ. ನರಸಿಂಹಾಚಾರ್ ಸೇರಿ ಕರ್ನಾಟಕ ಕಾವ್ಯಮಂಜರಿ ಎಂಬ ಮಾಸಿಕ ನಡೆಸುತ್ತಿದ್ದರು. ಹಳೆ ಕಾವ್ಯಗಳನ್ನು ಹುಡುಕಿ, ಶುದ್ಧ ಮಾಡಿ, ತಿಂಗಳು ತಿಂಗಳು ಇಷ್ಟಿಷ್ಟು ಪುಟದಂತೆ ಅಚ್ಚು ಮಾಡುವುದು. ಚಂದಾದಾರರು ಕಂತು ಕಂತಾಗಿ ಬಂದ ಹಾಳೆ ಸೇರಿಸಿಟ್ಟರೆ ಪೂರ್ತಿ ಕಾವ್ಯ ಕೈಗೆ. ಒಂದು ರೀತಿಯಲ್ಲಿ ಕನ್ನಡಿಗರಿಗೆ ಅಂಚೆಯಲ್ಲಿ ಬಂದ ಮೊದಲ ಓದಿನ ಪಟ್ಟಿ ಅದು. ಆಗ ಉಡುಪಿ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮೈಸೂರು ಬೇರೆ ಸಂಸ್ಥಾನದಲ್ಲಿ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಘಟ್ಟದ ಆಚೆಗೂ ಈಚೆಗೂ ಸಂಪರ್ಕ ಅಂದರೆ ಗಾಡಿ, ಕಾಲ್ನಡಿಗೆ, ಹೊಳೆಗೆ ದೋಣಿ, ಮತ್ತೆ ಟಪಾಲು.

ಆ ಮಾಸಿಕ ಹಳೆ ಕವಿಗಳಿಗೆ ಮಾತ್ರ. ಹೊಸಬರು ಬರೆದದ್ದಕ್ಕೆ ಅಲ್ಲಿ ಜಾಗ ಇಲ್ಲ. ಅದರಲ್ಲೂ ತುಳುನಾಡಿನ ಮೂಲೆಯಲ್ಲಿರುವ ಡ್ರಿಲ್ ಮಾಸ್ಟ್ರು ತಾನು ಹಳಗನ್ನಡದಲ್ಲಿ ಕಾವ್ಯ ಬರೆದಿದ್ದೇನೆ ಅಂತ ಕಳಿಸಿದರೆ ಓದಿ ನೋಡುವವರು ಯಾರು? ಮುದ್ದಣ ಒಂದು ಉಪಾಯ ಮಾಡಿದರು. ಇದು ತಾನು ಬರೆದದ್ದಲ್ಲ, ಹಳೆ ಕವಿಯ ಕೃತಿ ಸಿಕ್ಕಿತು ಅಂತ ಕಳಿಸಿದರು. ಶ್ರೀರಾಮ ಪಟ್ಟಾಭಿಷೇಕಕ್ಕೆ ಮಹಾಲಕ್ಷ್ಮಿ ಅಂತ ಕವಯಿತ್ರಿಯ ಹೆಸರು ಹಾಕಿದರು. ಅದು ಅವರ ಅಮ್ಮನ ಹೆಸರು. ಮೈಸೂರಿನ ಸಂಪಾದಕರು ಸಾಧಾರಣದವರಲ್ಲ, ಹಳಗನ್ನಡವನ್ನು ಅರೆದು ಕುಡಿದವರು. ಅವರು ಓದಿದರು, ಹಳೆಯದ್ದೇ ಅಂತ ನಂಬಿದರು, 1890ರ ದಶಕದ ನಡುವಿನಲ್ಲಿ ಒಂದರ ಹಿಂದೆ ಒಂದು ಅಚ್ಚು ಹಾಕಿದರು.

ಇದನ್ನು ಮೋಸ ಅಂತ ಹೇಳುವವರು ಇದ್ದಾರೆ. ಹೇಳಬಹುದು. ಹೊಸ ಪಾತ್ರೆಗೆ ಕಿಲುಬು ಹತ್ತಿಸಿ ಹಳೆ ಕಂಚು ಅಂತ ಮಾರಿದ ಹಾಗೆ ಅಂತ ಅಂಗಡಿಯವರು ಲೆಕ್ಕ ಹಾಕಬಹುದು. ಆದರೆ ಹಾಗೆ ಮಾರುವವ ಲಾಭ ತೆಗೆದುಕೊಳ್ತಾನೆ. ಇಲ್ಲಿ ಲಾಭ ಇದ್ದದ್ದು ಯಾರಿಗೆ? ಹೆಸರು ಬಿಟ್ಟುಕೊಟ್ಟವರು ಇವರೇ. ಸ್ವಂತ ಕಾವ್ಯ ಅಚ್ಚಾಗಿ ಬಂದು ಕೈಯಲ್ಲಿ ಇದ್ದಾಗ ಇದು ನನ್ನದು ಅಂತ ಪೇಟೆಯಲ್ಲಿ ಹೇಳುವ ಹಾಗಿಲ್ಲ. ಒಂದು ವೇಳೆ ಹೊಗಳಿಕೆ ಬಂದರೂ ಅದು ಯಾವುದೋ ಕಾಲದ, ಹುಟ್ಟೇ ಇರದ ಕವಿಗೆ ಹೋಗುವಂಥದ್ದು. ಒಂದು ಲೆಕ್ಕದಲ್ಲಿ ಇದು ಅವರು ತಾನೇ ಬರೆದು, ತಾನೇ ಕೂತ ಪರೀಕ್ಷೆ. ಹಳಗನ್ನಡವನ್ನು ಹಳಬರ ಹಾಗೆಯೇ ಬರೆಯಲಿಕ್ಕೆ ಬರ್ತದಾ ಇಲ್ಲವಾ ಅಂತ ನೋಡುವುದಿದ್ದರೆ ಇದಕ್ಕಿಂತ ಕಠಿಣ ಪರೀಕ್ಷಕರು ಆಗ ಇರಲಿಲ್ಲ.

1893ರಲ್ಲಿ ಮದುವೆ ಆಗಿತ್ತು. ಹೆಂಡತಿ ಕಮಲಾಬಾಯಿ ಘಟ್ಟದ ಮೇಲಿನವರು, ಸಾಗರದ ಹತ್ತಿರದ ಕಾಗೋಡಿನವರು. ಮುಂದೆ 1951ರ ರೈತ ಸತ್ಯಾಗ್ರಹದಿಂದ ದೇಶಕ್ಕೇ ಗೊತ್ತಾದ ಅದೇ ಕಾಗೋಡು. ಮಗ ರಾಧಾಕೃಷ್ಣ. ಸಂಬಳ ಸಣ್ಣದು, ಸಂಸಾರ ಕಷ್ಟದ್ದು, ಅದರ ಮೇಲೆ ಕ್ಷಯ. ಆ ಕಾಲದಲ್ಲಿ ಕ್ಷಯಕ್ಕೆ ಮದ್ದು ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಮಣಿಪಾಲ ಆಗ ಬೋಳುಗುಡ್ಡೆ, ಅಲ್ಲಿ ಮೆಡಿಕಲ್ ಕಾಲೇಜು ಬಂದದ್ದು 1953ರಲ್ಲಿ. ಮಕ್ಕಳಿಗೆ ಕಸರತ್ತು ಹೇಳಿಕೊಡುವ ಮಾಸ್ಟ್ರಿಗೇ ಎದೆಯ ರೋಗ ಬಂದದ್ದು.

ಈ ಕಷ್ಟದ ವರ್ಷಗಳಲ್ಲೇ ಶ್ರೀರಾಮಾಶ್ವಮೇಧ ಬರೆದರು. ಕಥೆ ಪದ್ಮಪುರಾಣದ್ದು, ಪೂರ್ತಿ ಗದ್ಯ. ರಾಮಾನುಜಯ್ಯಂಗಾರರು ಆಮೇಲೆ ಹೊರಡಿಸಿದ ಕಾವ್ಯಕಲಾನಿಧಿಯಲ್ಲಿ ಅಚ್ಚಾಯಿತು, ಅದೂ ಹಳೆಯ ಕೃತಿ ಅಂತಲೇ. ಕವಿಯ ಹೆಸರು ಮುದ್ದಣ. ಅಮ್ಮ ಇಟ್ಟ ಹೆಸರನ್ನು ಈ ಸಲ ಗ್ರಂಥದ ಒಳಗೇ ಇಟ್ಟರು.

ರಾಮಾಶ್ವಮೇಧದ ಕುದುರೆ ಕಥೆಯನ್ನು ಎಷ್ಟು ಜನ ಪೂರ್ತಿ ಓದಿದ್ದಾರೋ, ಆದರೆ ಅದರ ಹೊರಗಿನ ಚೌಕಟ್ಟು ಎಲ್ಲರಿಗೂ ಗೊತ್ತು. ಮಳೆಗಾಲ. ಕವಿ ಮುದ್ದಣ ಮನೆಗೆ ಬಂದಿದ್ದಾನೆ, ಹೆಂಡತಿ ಮನೋರಮೆ ಹೊತ್ತು ಹೋಗಲಿಕ್ಕೆ ಒಂದು ಕಥೆ ಹೇಳು ಅಂತ ಕೇಳ್ತಾಳೆ. ಯಾವ ಕಥೆ ಹೇಳಬೇಕು ಅಂತ ಇಬ್ಬರಲ್ಲಿ ಚರ್ಚೆ. ಕಥೆ ನಿಶ್ಚಯ ಆದ ಮೇಲೆ ಪದ್ಯದಲ್ಲಿ ಬೇಕಾ ಗದ್ಯದಲ್ಲಿ ಬೇಕಾ ಅಂತ ಪ್ರಶ್ನೆ. ಆಕೆ ಪದ್ಯ ಬೇಡ ಅಂತಾಳೆ. ಸರಿ ಅಂತ ಆತ ಶುರು ಮಾಡಿದರೆ ಬರೀ ಸಂಸ್ಕೃತ. ಆಕೆ ಅಲ್ಲೇ ತಡೆದು, ಇದು ಗಂಟಲಲ್ಲಿ ಇಳಿಯುವುದಿಲ್ಲ, ಕನ್ನಡದಲ್ಲಿ ಹೇಳು ಅಂತ ತರಾಟೆಗೆ ತೆಗೆದುಕೊಳ್ತಾಳೆ. ಕೊನೆಗೆ ರಾಜಿ ಆಗ್ತದೆ, ಕನ್ನಡವೇ ಮುಖ್ಯ, ಸಂಸ್ಕೃತ ಹದವಾಗಿ ಸೇರಬಹುದು ಅಂತ. ನಡುನಡುವೆ ಮತ್ತೆ ಮತ್ತೆ ಬಂದು ಆಕೆ ಕಾಲೆಳೆಯುವುದೂ ಉಂಟು.

ಕಮಲಾಬಾಯಿಯವರೇ ಈ ಮನೋರಮೆ ಅಂತ ಊರಿನವರು ನಂಬಿದ್ದಾರೆ. ಇರಬಹುದು. ಆದರೆ ಇನ್ನೊಂದು ರೀತಿಯಲ್ಲಿ ನೋಡಿದರೆ ಮುದ್ದಣ ಆ ಹತ್ತು ವರ್ಷ ಓದಿ ಓದಿ ತನ್ನೊಳಗೆ ಕೇಳಿಕೊಂಡ ಪ್ರಶ್ನೆಗಳನ್ನೇ ಮನೋರಮೆಯ ಬಾಯಲ್ಲಿ ಇಟ್ಟಿದ್ದಾರೆ. ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು, ಪಂಡಿತರಿಗೆ ಬೇಕಾದದ್ದು ಮನೆಯವರಿಗೆ ಯಾಕೆ ಬೇಡ, ಗದ್ದೆಯಲ್ಲಿ ಕೂತು ಆಟ ನೋಡುವವನಿಗೆ ರುಚಿಸದ ಕನ್ನಡ ಎಂಥ ಕನ್ನಡ. ಹಳೆ ಕೃತಿ ಅಂತ ಸಾಧಿಸಬೇಕಾದರೆ ಈ ಮಾತುಕತೆಯನ್ನು ಬಿಟ್ಟುಬಿಡುವುದೇ ಜಾಣತನ, ಯಾಕೆಂದರೆ ಗಂಡ ಹೆಂಡತಿ ಹೀಗೆ ಸರಿಸಮ ಕೂತು ಸಾಹಿತ್ಯದ ಬಗ್ಗೆ ತಕರಾರು ಮಾಡುವ ದೃಶ್ಯದಲ್ಲಿ ಹೊಸ ಕಾಲದ ವಾಸನೆ ಗಟ್ಟಿಯಾಗಿಯೇ ಉಂಟು. ಸಿಕ್ಕಿಬೀಳುವ ಅಪಾಯ ಇದ್ದರೂ ಅದನ್ನು ತೆಗೆಯಲಿಲ್ಲ. ಇವತ್ತು ಮುದ್ದಣರನ್ನು ಹೊಸಗನ್ನಡದ ಮುಂಗೋಳಿ ಅಂತ ಕರೆಯುವುದು ಅದೇ ಭಾಗದ ಕಾರಣದಿಂದ.

1901ರ ಫೆಬ್ರವರಿಯಲ್ಲಿ ಮುದ್ದಣ ತೀರಿಕೊಂಡರು. ಪ್ರಾಯ 31. ಗೋದಾವರಿ ಎಂಬ ಕಾದಂಬರಿಗೆ ಕೈ ಹಾಕಿದ್ದರು, ಅದು ಮುಗಿಯಲಿಲ್ಲ. ಹಳಗನ್ನಡದ ಮುಖವಾಡ ತೆಗೆದು ಹೊಸ ಕಾಲದ ಕಥೆ ಬರೆಯಲು ಹೊರಟವರು ಅರ್ಧದಲ್ಲೇ ಹೋದರು ಎಂಬುದು ದೊಡ್ಡ ನಷ್ಟ. ಕಾಪು ಕಡಲ ತೀರದ ದೀಪಸ್ತಂಭ ಅದೇ 1901ನೇ ಇಸವಿಯದ್ದು. ನಂದಳಿಕೆಯಿಂದ ಪಡುಬಿದ್ರಿ ಕಡೆಗೆ ಇಳಿದು ಕಾಪುವಿಗೆ ಹೋಗುವವರು ಈ ಲೆಕ್ಕ ನೆನಪಿಟ್ಟುಕೊಳ್ಳಬಹುದು.

ಈ ಕೃತಿಗಳೆಲ್ಲ ಉಡುಪಿಯ ಡ್ರಿಲ್ ಮಾಸ್ಟ್ರು ಬರೆದದ್ದು ಅಂತ ಎಲ್ಲರೂ ಒಪ್ಪಿಕೊಳ್ಳಬೇಕಾದರೆ ವರ್ಷಗಳೇ ಹಿಡಿದವು. ಅದನ್ನು ನೋಡಲಿಕ್ಕೆ ಅವರು ಇರಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಹಾಗೆ ಅವರ ಮನೆಯಲ್ಲಿ ಸ್ಥಿತಿವಂತಿಕೆ ಇರಲಿಲ್ಲ. ಪೈಗಳು ಕೊಂಡು ಓದಿದ ಪುಸ್ತಕಗಳನ್ನು ಈಗಲೂ ಉಡುಪಿ ಎಂ.ಜಿ.ಎಂ. ಕಾಲೇಜಿನ ಸಂಶೋಧನ ಕೇಂದ್ರದಲ್ಲಿ ಕಣ್ಣಾರೆ ನೋಡಬಹುದು. ಮುದ್ದಣರ ಕಪಾಟು ಅಂತ ತೋರಿಸಲಿಕ್ಕೆ ಹಾಗೆ ಎಂತದೂ ಇಲ್ಲ. ಓದಿದ್ದೆಲ್ಲ ಬರೆದದ್ದರೊಳಗೆ ಕರಗಿದೆ. ನಂದಳಿಕೆಯಲ್ಲಿ ಅವರ ಹೆಸರಿನ ಸ್ಮಾರಕ ಭವನ ಉಂಟು, ಉಡುಪಿಯಲ್ಲಿ ಆ ಕೆ.ಎಂ. ಮಾರ್ಗ ಉಂಟು.

ಮುದ್ದಣರನ್ನು ಓದಬೇಕು ಅಂತ ಈಗ ಮನಸ್ಸಾದವರು ನೇರ ರಾಮಾಶ್ವಮೇಧದ ಮೊದಲ ಪುಟದಿಂದ ಶುರು ಮಾಡಿದರೆ ಮೂರನೇ ದಿನ ಪುಸ್ತಕ ಮುಚ್ಚಿಡುವ ಸಂಭವ ಹೆಚ್ಚು. ಮೊದಲು ಕುಮಾರವಿಜಯ ಆಟ ಎಲ್ಲಿಯಾದರೂ ಇದ್ದರೆ ಹೋಗಿ ಕೂತುಕೊಳ್ಳುವುದು, ಇಲ್ಲದಿದ್ದರೆ ಪ್ರಸಂಗದ ಪದಗಳನ್ನು ಗಟ್ಟಿಯಾಗಿ ಓದಿಕೊಳ್ಳುವುದು ಒಳ್ಳೆಯದು. ಆಮೇಲೆ ರಾಮಾಶ್ವಮೇಧದಲ್ಲಿ ಮನೋರಮೆ ಬರುವ ಜಾಗಗಳನ್ನು ಮಾತ್ರ ಆರಿಸಿ ಓದಬಹುದು, ಯುದ್ಧ, ಕುದುರೆ ಎಲ್ಲ ಸದ್ಯಕ್ಕೆ ಬಿಟ್ಟು. ಅರ್ಥ ಸಹಿತ ಇರುವ ಪ್ರತಿಗಳು ಸಿಗ್ತವೆ. ಅದ್ಭುತ ರಾಮಾಯಣ ಸಣ್ಣದು, ಅದಾದ ಮೇಲೆ ಅದು. ಪಟ್ಟಾಭಿಷೇಕಕ್ಕೆ ಮಾತ್ರ ಜೊತೆಗೆ ಒಬ್ಬರು ಬೇಕು, ಷಟ್ಪದಿಯನ್ನು ರಾಗದಲ್ಲಿ ಹೇಳಲಿಕ್ಕೆ ಬರುವವರು. ಮನೆಯಲ್ಲಿ ಅಜ್ಜಂದಿರು ಇದ್ದರೆ ಆಟಿ ತಿಂಗಳಲ್ಲಿ ಕೇಳಿ ನೋಡಬಹುದು.